ವಾಣಿಜ್ಯ ವರದಿಗಾರರಾಗುವವರಿಗೆ: ಕನ್ನಡ ಪತ್ರಿಕೆಯ ಡೆಸ್ಕಿನಿಂದ ಎಪಿಎಂಸಿ ಅಂಗಳದವರೆಗೆ

ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟಕ್ಕೆ ಬಹುಪಾಲು ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಪಿಟಿಐಯಂಥ ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿ. ಇನ್ನೊಂದು, ಕಂಪನಿಗಳು ಕಳಿಸುವ ಪತ್ರಿಕಾ ಪ್ರಕಟಣೆ. ಇವೆರಡನ್ನೂ ಚೊಕ್ಕವಾಗಿ ಕನ್ನಡಕ್ಕೆ ತಂದರೆ ಪುಟವೇನೋ ತುಂಬುತ್ತದೆ. ಆದರೆ ಓದುಗರಿಗೆ ನಿಜಕ್ಕೂ ಬೇಕಾದ ಸುದ್ದಿ ಇರುವುದು ಮೂರನೆಯ ಕಡೆ, ಮೂಲ ಕಾಗದದಲ್ಲಿ. ಕಂಪನಿ ಷೇರುಪೇಟೆಗೆ ಸಲ್ಲಿಸಿದ ಲೆಕ್ಕಪತ್ರ, ಆರ್‌ಬಿಐ ಹೇಳಿಕೆಯ ಪೂರ್ಣಪಾಠ, ಎಪಿಎಂಸಿಯ ಅಂದಿನ ಆವಕ ಮತ್ತು ಧಾರಣೆ ಪಟ್ಟಿ ಇವೇ ಆ ಕಾಗದಗಳು. ಅವನ್ನು ತಾನೇ ತೆರೆದು, ತಾನೇ ಲೆಕ್ಕ ಹಾಕಿ ಬರೆಯುವವರಿಗೆ ಮಾತ್ರ ಈ ವೃತ್ತಿಯಲ್ಲಿ ಬೆಲೆ. ಈ ಮಾರ್ಗದರ್ಶಿ ಆ ಅಭ್ಯಾಸವನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂಬುದರ ಬಗ್ಗೆ.

ಓದು ಮತ್ತು ಪ್ರವೇಶ

ಬಿ.ಕಾಂ. ಮಾಡಿದವರೇ ಆಗಬೇಕೆಂದಿಲ್ಲ. ಪತ್ರಿಕೋದ್ಯಮ ಓದಿದವರಿಗೆ ಲೆಕ್ಕಪತ್ರದ ಅಳುಕು, ವಾಣಿಜ್ಯ ಓದಿದವರಿಗೆ ಬರವಣಿಗೆಯ ತೊಡಕು. ಯಾವುದರ ಕೊರತೆ ಇದ್ದರೂ ಒಂದು ವರ್ಷದಲ್ಲಿ ತುಂಬಿಕೊಳ್ಳಬಹುದು. ಲೆಕ್ಕ ಬಾರದವರು ಪಿಯುಸಿ ವಾಣಿಜ್ಯ ವಿಭಾಗದ ಎರಡೂ ವರ್ಷದ ಲೆಕ್ಕಶಾಸ್ತ್ರ ಪುಸ್ತಕಗಳನ್ನು ಕೈಯಲ್ಲಿ ಪೆನ್ನು ಹಿಡಿದು ಮುಗಿಸಿ. ಲಾಭ–ನಷ್ಟ ಖಾತೆ, ಆಸ್ತಿ–ಹೊಣೆಗಾರಿಕೆ ಪಟ್ಟಿ, ನಗದು ಹರಿವು ಈ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಗೊತ್ತಾದರೆ ಅರ್ಧ ದಾರಿ ಸಾಗಿದಂತೆ. ಷೇರುಪೇಟೆಯ ನಿಯಂತ್ರಕ ಸೆಬಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂನ ಪ್ರಮಾಣಪತ್ರ ಪರೀಕ್ಷೆಗಳ ಪಠ್ಯವೂ ಒಳ್ಳೆಯದೇ. ಪರೀಕ್ಷೆ ಬರೆಯದಿದ್ದರೂ ಓದಿಗಾಗುತ್ತದೆ.

ಪತ್ರಿಕೆಗಳ ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹೆಚ್ಚು ತೂಕ ಇರುವುದು ಅನುವಾದಕ್ಕೆ. ಅದಕ್ಕೆ ತಯಾರಿ ಹೀಗೆ ಮಾಡಿ: ಸಂಜೆ ಒಂದು ಇಂಗ್ಲಿಷ್ ವಾಣಿಜ್ಯ ಸುದ್ದಿಯನ್ನು 150 ಪದಗಳಲ್ಲಿ ಕನ್ನಡಕ್ಕೆ ತನ್ನಿ, ಮರುದಿನ ಬೆಳಗ್ಗೆ ಅದೇ ಸುದ್ದಿ ಎರಡು ಕನ್ನಡ ಪತ್ರಿಕೆಗಳಲ್ಲಿ ಹೇಗೆ ಬಂದಿದೆ ಎಂದು ಪಕ್ಕದಲ್ಲಿಟ್ಟು ನೋಡಿ. ಒಂದು ತಿಂಗಳು ಬಿಡದೆ ಮಾಡಿದರೆ ಪದಸಂಪತ್ತು ತಾನಾಗಿ ಕೂಡಿಬರುತ್ತದೆ. ಸಂದರ್ಶನಕ್ಕೆ ಹೋಗುವಾಗ ಸ್ವಂತ ಬರಹಗಳು ಮೂರಾದರೂ ಕೈಯಲ್ಲಿರಲಿ: ಒಂದು ಕಂಪನಿಯ ಫಲಿತಾಂಶದ ವರದಿ, ನಿಮ್ಮೂರಿನ ಮಾರುಕಟ್ಟೆಯ ವರದಿ, ಮನೆಯ ಹಣಕಾಸಿಗೆ ಸಂಬಂಧಿಸಿದ ವಿವರಣೆ.

ಹೊಸಬರನ್ನು ಹೆಚ್ಚಾಗಿ ಡೆಸ್ಕಿಗೇ, ಅಂದರೆ ಬಂದ ಕಾಪಿ ತಿದ್ದಿ ಪುಟ ಕಟ್ಟುವ ವಿಭಾಗಕ್ಕೇ ಹಾಕುತ್ತಾರೆ. ವರದಿಗಾರಿಕೆ ಸಿಗಲಿಲ್ಲವೆಂದು ಬೇಸರ ಬೇಡ. ಬೇರೆಯವರ ಕಾಪಿಯಲ್ಲಿನ ತಪ್ಪು ಹಿಡಿದು ಹಿಡಿದು ಬರುವ ಕಣ್ಣು ಬೀಟಿನಲ್ಲಿ ಓಡಾಡಿದರೆ ಬರುವುದಿಲ್ಲ. ಒಂದೂವರೆ–ಎರಡು ವರ್ಷ ಡೆಸ್ಕಿನಲ್ಲಿ ಕೂತು ಆಮೇಲೆ ಹೊರಗೆ ಬಂದವರೇ ಗಟ್ಟಿಯಾಗಿ ನಿಲ್ಲುವುದು.

ಅಂಕಿಯ ಭಾಷೆ ಮೊದಲು ಸರಿಯಾಗಲಿ

ಮಾನಿಟರ್ ಪಕ್ಕ ಒಂದು ಚೀಟಿ ಅಂಟಿಸಿಕೊಳ್ಳಿ. 1 ಮಿಲಿಯನ್ ಅಂದರೆ 10 ಲಕ್ಷ, 1 ಬಿಲಿಯನ್ ಅಂದರೆ 100 ಕೋಟಿ, 1 ಟ್ರಿಲಿಯನ್ ಅಂದರೆ 1 ಲಕ್ಷ ಕೋಟಿ. ಡಾಲರ್ ಮೊತ್ತವನ್ನು ರೂಪಾಯಿಗೆ ತರುವಾಗ ಎರಡು ಹೆಜ್ಜೆಯಲ್ಲಿ ಮಾಡಿ. 2.5 ಬಿಲಿಯನ್ ಡಾಲರ್ ಮೊದಲು 250 ಕೋಟಿ ಡಾಲರ್ ಆಗಲಿ. ಆಮೇಲೆ ಅಂದಿನ ವಿನಿಮಯ ದರ, ಉದಾಹರಣೆಗೆ ₹85ರಿಂದ ಗುಣಿಸಿದರೆ ₹21,250 ಕೋಟಿ. ಎರಡನ್ನೂ ಒಟ್ಟಿಗೆ ಮಾಡಲು ಹೋದಾಗಲೇ ಒಂದು ಸೊನ್ನೆ ಬಿದ್ದುಹೋಗುವುದು. ರಾತ್ರಿ ಹತ್ತೂವರೆಗೆ ಪುಟ ಮುಗಿಸುವ ಗಡಿಬಿಡಿಯಲ್ಲಿ ಬಿದ್ದ ಸೊನ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಶೇಕಡಾವಾರು ಇನ್ನೊಂದು ಗುಂಡಿ. 2025ರ ಫೆಬ್ರುವರಿಯಲ್ಲಿ ಆರ್‌ಬಿಐ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಶೇ 6.5ರಿಂದ ಶೇ 6.25ಕ್ಕೆ ಇಳಿಸಿತು. ಇದು 0.25 ಶೇಕಡಾವಾರು ಅಂಶದ ಇಳಿಕೆ, ಅಂದರೆ 25 ಮೂಲಾಂಶ. ‘ಶೇ 0.25ರಷ್ಟು ಇಳಿಕೆ’ ಎಂದು ಬರೆಯುವ ರೂಢಿ ಇದೆ, ಆದರೆ ಲೆಕ್ಕದ ಪ್ರಕಾರ 6.5ರಲ್ಲಿ ಶೇ 0.25 ಎಂದರೆ 0.016 ಮಾತ್ರ. ಗೊಂದಲ ತಪ್ಪಿಸಲು ಸುಲಭದ ಉಪಾಯ: ಎರಡೂ ತುದಿಯ ದರ ಬರೆದುಬಿಡಿ, ‘ಶೇ 6.5ರಿಂದ ಶೇ 6.25ಕ್ಕೆ’.

‘ಹಣದುಬ್ಬರ ಇಳಿಕೆ’ ಎಂಬ ಸುದ್ದಿಗೆ ‘ಬೆಲೆ ಇಳಿಕೆ’ ಎಂದು ತಲೆಬರಹ ಕೊಟ್ಟರೆ ಓದುಗರು ಪತ್ರಿಕೆಯನ್ನೇ ನಂಬುವುದಿಲ್ಲ, ಯಾಕೆಂದರೆ ಸಂತೆಯ ಬೆಲೆ ಅವರಿಗೆ ಗೊತ್ತು. ₹100ರ ಸಾಮಾನು ಮೊದಲ ವರ್ಷ ಶೇ 6ರಷ್ಟು ಏರಿ ₹106 ಆಯಿತು, ಮರುವರ್ಷ ಶೇ 4ರಷ್ಟು ಏರಿ ₹110.24 ಆಯಿತು. ಹಣದುಬ್ಬರ ಇಳಿದಿದೆ, ಬೆಲೆ ಏರಿದೆ. ‘ಬೆಲೆ ಏರಿಕೆಯ ವೇಗ ತಗ್ಗಿದೆ’ ಎನ್ನುವುದೇ ಸರಿ.

ಬೋನಸ್ ಷೇರು, ಮುಖಬೆಲೆ ಸೀಳಿಕೆ (ಒಂದು ಷೇರನ್ನು ಹಲವು ಷೇರಾಗಿ ಒಡೆಯುವುದು) ಆದ ದಿನ ಷೇರಿನ ಬೆಲೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಒಂದಕ್ಕೊಂದು ಬೋನಸ್ ಕೊಟ್ಟಾಗ ₹1,000ದ ಒಂದು ಷೇರು ₹500ರ ಎರಡು ಷೇರಾಗುತ್ತದೆ, ಹೂಡಿಕೆದಾರರು ಕಳೆದುಕೊಂಡದ್ದೇನೂ ಇಲ್ಲ. ಒಂದೇ ದಿನ ಷೇರು ಶೇ 40ಕ್ಕಿಂತ ಹೆಚ್ಚು ಬಿದ್ದಂತೆ ಕಂಡರೆ ‘ಕುಸಿತ’ ಎಂದು ಬರೆಯುವ ಮೊದಲು ಆ ಕಂಪನಿಯ ಹಿಂದಿನ ತಿಂಗಳ ಪ್ರಕಟಣೆಗಳನ್ನು ನೋಡಿ. ಹಾಗೆಯೇ ಇಂಗ್ಲಿಷಿನ ‘ಎಫ್‌ವೈ25’ ಎಂದರೆ 2024–25, ಅಂದರೆ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ. ‘2025ನೇ ವರ್ಷ’ ಎಂದು ಬರೆದರೆ ಒಂಬತ್ತು ತಿಂಗಳು ತಪ್ಪಿದ ಹಾಗೆ.

ತ್ರೈಮಾಸಿಕ ಫಲಿತಾಂಶ: ಹಾಳೆ ಓದುವ ಕ್ರಮ

ಸೆಬಿ ನಿಯಮದಂತೆ ಪಟ್ಟಿಯಾದ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಕೊಡಬೇಕು. ವರ್ಷಾಂತ್ಯದ ಪರಿಶೋಧಿತ ಲೆಕ್ಕಕ್ಕೆ 60 ದಿನ. ಹಾಗಾಗಿ ಆಗಸ್ಟ್ 14, ನವೆಂಬರ್ 14, ಫೆಬ್ರುವರಿ 14 ಮತ್ತು ಮೇ 30ರ ಆಸುಪಾಸಿನಲ್ಲಿ ಸಣ್ಣ ಕಂಪನಿಗಳ ಫಲಿತಾಂಶ ಗುಂಪುಗುಂಪಾಗಿ ಬರುತ್ತವೆ. ಹೇಳಿಕೊಳ್ಳಲು ಒಳ್ಳೆಯದೇನೂ ಇಲ್ಲದ ಕಂಪನಿಗಳಿಗೆ ಕೊನೆಯ ದಿನದ ತಡರಾತ್ರಿಯೇ ಇಷ್ಟ. ಆ ರಾತ್ರಿಗಳಲ್ಲಿ ರಜೆ ಹಾಕಬೇಡಿ.

ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಪುಟಕ್ಕೆ ಹೋಗಿ, ‘ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್’ ವಿಭಾಗದಲ್ಲಿ ಆಡಳಿತ ಮಂಡಳಿ ಸಭೆಯ ನಿರ್ಣಯದ ಪಿಡಿಎಫ್ ಇಳಿಸಿಕೊಳ್ಳಿ. ಪತ್ರಿಕಾ ಪ್ರಕಟಣೆಯನ್ನು ಆಮೇಲೆ ತೆರೆದರಾಯಿತು. ಹಾಳೆ ತೆರೆದ ಕೂಡಲೇ ಲಾಭದ ಸಾಲಿಗೆ ಜಾರದೆ ಈ ಕ್ರಮದಲ್ಲಿ ನೋಡಿ:

1. ಬಲ ಮೇಲ್ತುದಿಯ ಸಣ್ಣ ಅಕ್ಷರ. ಲೆಕ್ಕ ಇರುವುದು ಕೋಟಿಯಲ್ಲೋ ಲಕ್ಷದಲ್ಲೋ ಮಿಲಿಯನ್ನಿನಲ್ಲೋ? ಬೆಂಗಳೂರಿನವೇ ಆದ ಎರಡು ಕಂಪನಿಗಳಲ್ಲಿ ಇನ್ಫೊಸಿಸ್ ರೂಪಾಯಿ ಲೆಕ್ಕವನ್ನು ಕೋಟಿಯಲ್ಲಿ ಕೊಡುತ್ತದೆ, ವಿಪ್ರೊ ಮಿಲಿಯನ್ನಿನಲ್ಲಿ ಕೊಡುತ್ತದೆ. ಮಿಲಿಯನ್ ಆದರೆ 10ರಿಂದ, ಲಕ್ಷ ಆದರೆ 100ರಿಂದ ಭಾಗಿಸಿದರೆ ಕೋಟಿ.

2. ಸ್ವತಂತ್ರ ಲೆಕ್ಕವೋ ಕ್ರೋಡೀಕೃತ ಲೆಕ್ಕವೋ? ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕವನ್ನೇ ಬರೆಯಿರಿ. ಕಳೆದ ಸಲ ಯಾವುದನ್ನು ಬರೆದಿದ್ದಿರೋ ಈ ಸಲವೂ ಅದನ್ನೇ ಬರೆಯಿರಿ.

3. ಕಾಲಂಗಳ ತಲೆಬರಹ. ಸಾಮಾನ್ಯವಾಗಿ ಮೊದಲ ಕಾಲಂ ಈ ತ್ರೈಮಾಸಿಕ, ಎರಡನೆಯದು ಅದರ ಹಿಂದಿನದು, ಮೂರನೆಯದು ಹಿಂದಿನ ವರ್ಷದ ಇದೇ ತ್ರೈಮಾಸಿಕ. ಹೊಸಬರ ಅತಿ ಸಾಮಾನ್ಯ ತಪ್ಪು ಎಂದರೆ ಪಕ್ಕದಲ್ಲೇ ಇದೆಯೆಂದು ಎರಡನೇ ಕಾಲಂ ಅನ್ನು ‘ಕಳೆದ ವರ್ಷ’ ಎಂದುಕೊಳ್ಳುವುದು.

4. ವರಮಾನ, ಇತರ ವರಮಾನ, ಒಟ್ಟು ವೆಚ್ಚ, ಅಸಾಧಾರಣ ಬಾಬ್ತು, ತೆರಿಗೆ, ನಿವ್ವಳ ಲಾಭ. ಈ ಆರು ಸಾಲನ್ನು ಕಾಗದದ ಮೇಲೆ ಇಳಿಸಿಕೊಂಡು ಕೂಡಿಸಿ ಕಳೆದು ನೋಡಿ.

ಈ ನಾಲ್ಕನೇ ಹೆಜ್ಜೆಯನ್ನು ಒಂದು ಕಲ್ಪಿತ ಕಂಪನಿಯ ಲೆಕ್ಕ ಹಿಡಿದು ಮಾಡಿ ನೋಡೋಣ. ಈ ತ್ರೈಮಾಸಿಕದಲ್ಲಿ ವರಮಾನ ₹1,240 ಕೋಟಿ, ಇತರ ವರಮಾನ ₹22 ಕೋಟಿ, ವೆಚ್ಚ ₹1,182 ಕೋಟಿ. ಕಳೆದ ವರ್ಷ ಇದೇ ಅವಧಿಯಲ್ಲಿ ಕ್ರಮವಾಗಿ ₹1,180 ಕೋಟಿ, ₹18 ಕೋಟಿ, ₹1,118 ಕೋಟಿ. ಎರಡೂ ವರ್ಷ ಕೈಗೆ ಉಳಿದದ್ದು ₹80 ಕೋಟಿಯೇ. ಆದರೆ ಈ ಸಲ ಹಳೆಯ ಕಾರ್ಖಾನೆಯ ಜಾಗ ಮಾರಿದ ₹48 ಕೋಟಿ ‘ಅಸಾಧಾರಣ ಬಾಬ್ತು’ ಎಂಬ ಸಾಲಿನಲ್ಲಿ ಬಂದು ಸೇರಿದೆ. ತೆರಿಗೆಗೆ ಮುಂಚಿನ ಲಾಭ ₹128 ಕೋಟಿ, ತೆರಿಗೆ ₹32 ಕೋಟಿ ಕಳೆದರೆ ನಿವ್ವಳ ₹96 ಕೋಟಿ. ಕಳೆದ ವರ್ಷ ₹80 ಕೋಟಿಯಲ್ಲಿ ₹20 ಕೋಟಿ ತೆರಿಗೆ ಹೋಗಿ ₹60 ಕೋಟಿ. ಪ್ರಕಟಣೆಯ ತಲೆಬರಹ ಏನಿರುತ್ತದೆ? ‘ನಿವ್ವಳ ಲಾಭ ಶೇ 60 ಹೆಚ್ಚಳ’. ಸುಳ್ಳಲ್ಲ. ಆದರೆ ಇತರ ವರಮಾನವನ್ನೂ ಜಾಗದ ಹಣವನ್ನೂ ಬದಿಗಿಟ್ಟರೆ, ಅಸಲು ವ್ಯಾಪಾರದಿಂದ ಬಂದದ್ದು ₹62 ಕೋಟಿಯಿಂದ ₹58 ಕೋಟಿಗೆ ಇಳಿದಿದೆ. ಅಂದರೆ ಸುಮಾರು ಶೇ 6.5ರಷ್ಟು ಕಡಿಮೆ. ವರಮಾನ ಶೇ 5 ಏರಿದರೂ ವೆಚ್ಚ ಅದಕ್ಕಿಂತ ಹೆಚ್ಚು ಏರಿದೆ. ನಿಮ್ಮ ಸುದ್ದಿಯ ಮೊದಲ ವಾಕ್ಯದಲ್ಲಿ ಇರಬೇಕಾದದ್ದು ಇದು: ‘ಜಾಗ ಮಾರಾಟದಿಂದ ಬಂದ ₹48 ಕೋಟಿಯಿಂದಾಗಿ ಕಂಪನಿಯ ನಿವ್ವಳ ಲಾಭ ₹96 ಕೋಟಿಗೆ ಏರಿದೆ. ಆದರೆ ವಹಿವಾಟಿನಿಂದ ಬಂದ ಗಳಿಕೆ ಇಳಿದಿದೆ.’

ಇದಾದ ಮೇಲೆ ಅಡಿಟಿಪ್ಪಣಿ. ನ್ಯಾಯಾಲಯದ ತಕರಾರು, ತೆರಿಗೆ ನೋಟಿಸು, ಮುಚ್ಚಿದ ಘಟಕ ಎಲ್ಲ ಅಡಗಿರುವುದು ಅಲ್ಲಿಯೇ. ಲೆಕ್ಕ ಪರಿಶೋಧಕರ ವರದಿಯಲ್ಲಿ ‘ಕ್ವಾಲಿಫೈಡ್’ ಅಥವಾ ‘ಎಂಫಸಿಸ್ ಆಫ್ ಮ್ಯಾಟರ್’ ಎಂಬ ಪದ ಕಂಡರೆ ನಿಂತು ಓದಿ. ಮೊದಲನೆಯದು ಲೆಕ್ಕಕ್ಕೆ ಪರಿಶೋಧಕರ ತಕರಾರು ಇದೆ ಎಂದು. ಎರಡನೆಯದು ಲೆಕ್ಕ ಸರಿಯಿದೆ, ಆದರೆ ಈ ಒಂದು ವಿಷಯ ಗಮನಿಸಿ ಎಂದು. ಎರಡನ್ನೂ ‘ಆಕ್ಷೇಪ’ ಎಂದು ಬರೆದರೆ ತಪ್ಪಾಗುತ್ತದೆ. ಮಾರ್ಚ್ ತ್ರೈಮಾಸಿಕದ ಅಂಕಿ ಇಡೀ ವರ್ಷದ ಲೆಕ್ಕದಿಂದ ಒಂಬತ್ತು ತಿಂಗಳದ್ದನ್ನು ಕಳೆದು ಉಳಿದದ್ದು. ಅಲ್ಲಿ ವಿಚಿತ್ರ ಏರಿಳಿತ ಕಂಡರೆ ಹಿಂದಿನ ತ್ರೈಮಾಸಿಕಗಳ ತಿದ್ದುಪಡಿ ಇರಬಹುದು.

ಸೆಪ್ಟೆಂಬರ್ ಮತ್ತು ಮಾರ್ಚ್‌ನ ಫಲಿತಾಂಶದ ಜೊತೆ ಆಸ್ತಿ–ಹೊಣೆಗಾರಿಕೆ ಪಟ್ಟಿ ಹಾಗೂ ನಗದು ಹರಿವಿನ ವಿವರವೂ ಬರುತ್ತದೆ. ಲಾಭ ಏರುತ್ತಿದ್ದು ವಹಿವಾಟಿನ ನಗದು ಬತ್ತುತ್ತಿದ್ದರೆ, ಮಾರಿದ ಸರಕಿನ ದುಡ್ಡು ಬಂದಿಲ್ಲ ಎಂದೇ ಮೊದಲು ಅನುಮಾನಿಸಿ. ಬ್ಯಾಂಕಿನಲ್ಲಿ ಇದೆ ಎಂದ ಹಣಕ್ಕೆ ಬಡ್ಡಿ ಬಂದಿದೆಯೇ ನೋಡಿ. ₹1,000 ಕೋಟಿ ಠೇವಣಿಗೆ ಶೇ 7ರಂತೆ ವರ್ಷಕ್ಕೆ ₹70 ಕೋಟಿ ಬಡ್ಡಿ ಬರಬೇಕು. ಲೆಕ್ಕದಲ್ಲಿ ₹12 ಕೋಟಿ ಇದ್ದರೆ ಪ್ರಶ್ನೆ ಕೇಳಬೇಕು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಲೆಕ್ಕದಲ್ಲಿ ತೋರಿಸಿದ್ದ ₹5,040 ಕೋಟಿ ನಗದು ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದರು. ಪ್ರತಿ ತ್ರೈಮಾಸಿಕ ಬಂದ ಅಂಕಿಯನ್ನು ಪತ್ರಿಕೆಗಳು ಅಲ್ಲಿಯವರೆಗೆ ಹಾಗೇ ಅಚ್ಚು ಹಾಕುತ್ತಿದ್ದವು.

ಐಟಿ ಕಂಪನಿಗಳ ಸುದ್ದಿಯಲ್ಲಿ ‘ಸ್ಥಿರ ಕರೆನ್ಸಿ ಲೆಕ್ಕದಲ್ಲಿ’ ಎಂಬ ಮಾತು ಬರುತ್ತದೆ. ವಿನಿಮಯ ದರ ಬದಲಾಗದೇ ಇದ್ದಿದ್ದರೆ ವರಮಾನ ಎಷ್ಟು ಬೆಳೆಯುತ್ತಿತ್ತು ಎಂಬ ಲೆಕ್ಕ ಅದು. ರೂಪಾಯಿ ಕುಸಿದ ವರ್ಷ ರೂಪಾಯಿ ಲೆಕ್ಕದ ಬೆಳವಣಿಗೆ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಎರಡನ್ನೂ ಕೊಡಿ, ಯಾವುದು ಯಾವುದೆಂದು ಹೇಳಿ.

ಬ್ಯಾಂಕ್ ಸುದ್ದಿ: ‘ಮನ್ನಾ’ ಪದದ ಬಗ್ಗೆ ಎಚ್ಚರ

ಬ್ಯಾಂಕಿನ ಫಲಿತಾಂಶದಲ್ಲಿ ಮೊದಲು ನೋಡಬೇಕಾದದ್ದು ನಿವ್ವಳ ಬಡ್ಡಿ ವರಮಾನ (ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆದದ್ದು), ಒಟ್ಟು ಎನ್‌ಪಿಎ (ಮರುಪಾವತಿ ನಿಂತುಹೋದ ಸಾಲ), ನಿವ್ವಳ ಎನ್‌ಪಿಎ, ಅದರ ನಷ್ಟಕ್ಕೆಂದು ತೆಗೆದಿರಿಸಿದ ಮೊತ್ತ ಮತ್ತು ಹೊಸದಾಗಿ ಸುಸ್ತಿಯಾದ ಸಾಲ. ಎನ್‌ಪಿಎ ಪ್ರಮಾಣ ಇಳಿದಿದೆ ಎಂದ ಕೂಡಲೇ ಸಾಲ ವಸೂಲಾಯಿತು ಎಂದಲ್ಲ. ಹಳೆಯ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದರೂ ಇಳಿಯುತ್ತದೆ, ಒಟ್ಟು ಸಾಲ ಹಿಗ್ಗಿದರೂ ಇಳಿಯುತ್ತದೆ. ಎಷ್ಟು ವಸೂಲು, ಎಷ್ಟು ತೆಗೆದುಹಾಕಿದ್ದು ಎಂದು ಬಿಡಿಸಿ ಬರೆಯಿರಿ.

ಇಲ್ಲಿಯೇ ಕನ್ನಡ ಪತ್ರಿಕೆಗಳು ಮತ್ತೆ ಮತ್ತೆ ಎಡವುವ ಜಾಗ ಇದೆ. ಇಂಗ್ಲಿಷಿನ ‘ರೈಟ್ ಆಫ್’ ಅನ್ನು ‘ಸಾಲ ಮನ್ನಾ’ ಎಂದು ಬರೆಯುವುದು. ಮನ್ನಾ ಎಂದರೆ ಸಾಲಗಾರ ಇನ್ನು ಕಟ್ಟಬೇಕಿಲ್ಲ. ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಸಕ್ರಿಯ ಪುಸ್ತಕದಿಂದ ಅದನ್ನು ತೆಗೆದಿದೆ, ವಸೂಲಿ ಮೊಕದ್ದಮೆ ಮುಂದುವರಿಯುತ್ತದೆ. ‘ಲೆಕ್ಕದಿಂದ ಕೈಬಿಟ್ಟ ಸಾಲ’ ಎಂದರೆ ಸಾಕು. ಬೆಳೆಸಾಲದ ಮನ್ನಾಕ್ಕಾಗಿ ಕಾದಿರುವ ರೈತರು ಓದುವ ಪತ್ರಿಕೆಯಲ್ಲಿ ಈ ಒಂದು ಪದ ತಪ್ಪಿದರೆ ಅದರ ಪರಿಣಾಮ ಸಣ್ಣದಲ್ಲ. ಹಾಗೆಯೇ ‘ಸೆಕ್ಯುರಿಟೀಸ್’ ಅನ್ನು ‘ಭದ್ರತೆ’ ಮಾಡಬೇಡಿ, ಅದು ಸಾಲಪತ್ರ ಅಥವಾ ಷೇರುಪತ್ರ.

ದಿನಚರಿ ಮತ್ತು ಬಜೆಟ್

ತಿಂಗಳ 1ಕ್ಕೆ ಜಿಎಸ್‌ಟಿ ಸಂಗ್ರಹ, 12ಕ್ಕೆ ಚಿಲ್ಲರೆ ಹಣದುಬ್ಬರ, 14ಕ್ಕೆ ಸಗಟು ಹಣದುಬ್ಬರ, ಎರಡು ತಿಂಗಳಿಗೊಮ್ಮೆ ಬೆಳಗ್ಗೆ 10ಕ್ಕೆ ಆರ್‌ಬಿಐ ಗವರ್ನರ್ ಹೇಳಿಕೆ, ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ಕೊನೆಗೆ ಜಿಡಿಪಿ. ಷೇರುಪೇಟೆ ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30. ಇವು ಬರುವ ದಿನ ಗೊತ್ತಿರುವುದರಿಂದ ಹಿಂದಿನ ಅಂಕಿ, ಹಿನ್ನೆಲೆ, ಪಟ್ಟಿಯನ್ನು ಹಿಂದಿನ ದಿನವೇ ತಯಾರು ಮಾಡಿಟ್ಟುಕೊಳ್ಳಿ. ಹೊಸ ಅಂಕಿ ಬಂದ ಮೇಲೆ ಖಾಲಿ ಬಿಟ್ಟಲ್ಲಿ ತುಂಬಿದರೆ ಆಯಿತು.

2017ರಿಂದ ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ. ಭಾಷಣ ಕೇಳುತ್ತಾ ಬರೆಯುವವರು ಹಲವರು. ಸುದ್ದಿ ಮಾತ್ರ ಹೆಚ್ಚಾಗಿ ವೆಚ್ಚದ ವಿವರ, ಹಣಕಾಸು ಮಸೂದೆ ಮತ್ತು ಅದರ ವಿವರಣಾ ಟಿಪ್ಪಣಿಯಲ್ಲಿರುತ್ತದೆ. ಅನುದಾನ ಹೋಲಿಸುವಾಗ ಮೂರು ಅಂಕಿ ಇವೆ ಎಂಬುದು ನೆನಪಿರಲಿ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ. ಒಂದು ಯೋಜನೆಗೆ ಕಳೆದ ಬಜೆಟ್‌ನಲ್ಲಿ ₹1,000 ಕೋಟಿ ಇಟ್ಟು, ಪರಿಷ್ಕರಿಸಿ ₹800 ಕೋಟಿಗೆ ಇಳಿಸಿ, ಈ ಸಲ ₹900 ಕೋಟಿ ಕೊಟ್ಟರೆ ಆಡಳಿತ ಪಕ್ಷ ‘ಶೇ 12.5 ಹೆಚ್ಚಳ’ ಎನ್ನುತ್ತದೆ, ವಿರೋಧ ಪಕ್ಷ ‘ಶೇ 10 ಕಡಿತ’ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವುದಕ್ಕೆ ಹೋಲಿಸಿದ್ದು ಎಂದು ನೀವು ಬರೆಯದಿದ್ದರೆ ಓದುಗರಿಗೆ ಅನ್ಯಾಯ. ರಾಜ್ಯ ಬಜೆಟ್‌ಗೂ ಇದೇ ಕ್ರಮ.

ಧಾರಣೆ ಬರೆಯುವುದು

ಷೇರು ಸೂಚ್ಯಂಕ ನೋಡುವವರಿಗಿಂತ ಅಡಿಕೆ, ಕಾಫಿ, ಮೆಣಸಿನಕಾಯಿ, ರೇಷ್ಮೆಗೂಡಿನ ಧಾರಣೆ ನೋಡುವ ಓದುಗರು ಕನ್ನಡ ಪತ್ರಿಕೆಗೆ ಹೆಚ್ಚು. ಆದರೂ ಆ ಮೂಲೆಯನ್ನು ಹೊಸಬರ ಕೈಗೆ ಕೊಟ್ಟು ಕೈತೊಳೆದುಕೊಳ್ಳುವ ಪರಿಪಾಠ ಇದೆ. ಅದು ತಪ್ಪು. ಆ ಒಂದು ಸಾಲು ನೋಡಿ ಮಾಲು ಬಂಡಿಗೆ ಹಾಕುವವರಿದ್ದಾರೆ.

ಮೊದಲನೆಯದು ಅಳತೆ. ಶಿವಮೊಗ್ಗ, ಶಿರಸಿ ಕಡೆ ಅಡಿಕೆ ಧಾರಣೆ ಕ್ವಿಂಟಲ್‌ಗೆ. ಮಂಗಳೂರು, ಪುತ್ತೂರು ಕಡೆ ಕೆ.ಜಿ.ಗೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ಬೇರೆ ಬೇರೆ ಬಗೆ. ಕರಾವಳಿಯ ಚಾಲಿಯಲ್ಲಿ (ಬೇಯಿಸದೆ ಒಣಗಿಸಿದ ಅಡಿಕೆ) ಹೊಸದು ಹಳೆಯದು ಬೇರೆ. ರಾಶಿಯ ದರಕ್ಕೆ ಚಾಲಿಯ ದರ ಹೋಲಿಸಿ ‘ಅಡಿಕೆ ಕುಸಿತ’ ಎಂದರೆ ಎರಡೂ ಕಡೆಯ ಬೆಳೆಗಾರರು ಬೆಳಗಾಗುವಷ್ಟರಲ್ಲಿ ಫೋನು ಮಾಡುತ್ತಾರೆ.

ಎರಡನೆಯದು ಗರಿಷ್ಠ ದರದ ಮೋಹ. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ದಿನ ಹೀಗೆ ವ್ಯಾಪಾರವಾಯಿತು ಎಂದುಕೊಳ್ಳಿ: ಒಳ್ಳೆಯ ಡಬ್ಬಿ ಮೆಣಸಿನಕಾಯಿ 4 ಚೀಲ ಕ್ವಿಂಟಲ್‌ಗೆ ₹45,000, ಮಧ್ಯಮ ಮಾಲು 40 ಚೀಲ ₹28,000, ಉಳಿದ 156 ಚೀಲ ₹20,000. ‘₹45,000 ಮುಟ್ಟಿದ ಮೆಣಸಿನಕಾಯಿ’ ಎಂಬ ತಲೆಬರಹ ಸಿಕ್ಕಿದ್ದು ಬರೀ 4 ಚೀಲದಿಂದ. ಗರಿಷ್ಠ ಕನಿಷ್ಠ ಕೂಡಿಸಿ ಎರಡರಿಂದ ಭಾಗಿಸಿದರೆ ₹32,500 ಬರುತ್ತದೆ, ಅದೂ ದಾರಿ ತಪ್ಪಿಸುತ್ತದೆ. ಚೀಲಗಳ ತೂಕ ಒಂದೇ ಎಂದಿಟ್ಟುಕೊಂಡು ಚೀಲದ ಸಂಖ್ಯೆಯಿಂದ ಗುಣಿಸಿ 200ರಿಂದ ಭಾಗಿಸಿದರೆ ನಿಜವಾದ ಸರಾಸರಿ ₹22,100. ಪ್ರತಿ ದಿನ ಇಷ್ಟು ಲೆಕ್ಕಕ್ಕೆ ಪುರಸೊತ್ತಿಲ್ಲದಿದ್ದರೆ ಎಪಿಎಂಸಿ ಪಟ್ಟಿಯ ‘ಮಾದರಿ’ ದರವನ್ನೂ (ಹೆಚ್ಚಿನ ಮಾಲು ಮಾರಾಟವಾದ ದರ) ಆವಕವನ್ನೂ ಕೊಡಿ, ಗರಿಷ್ಠವನ್ನು ಕೊನೆಗೆ ಹೇಳಿ. ದರ ದಿಢೀರ್ ಬಿದ್ದಿತೆಂಬ ಸಿಟ್ಟಿಗೆ 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಿತ್ತು. ಅಂಥ ದಿನಗಳಲ್ಲಿ ಯಾವ ತಳಿ, ಎಂಥ ಮಾಲು, ಎಷ್ಟು ಚೀಲ ಎಂಬ ಮೂರು ವಿವರ ಇಲ್ಲದ ದರವನ್ನು ಅಚ್ಚಿಗೆ ಕಳಿಸಲೇಬಾರದು.

ಕಾಫಿಯಲ್ಲಿ ಲಂಡನ್ ಪೇಟೆಯ ರೊಬಸ್ಟಾ ದರ ಟನ್ನಿಗೆ ಡಾಲರ್‌ನಲ್ಲಿ, ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ ಸೆಂಟ್ಸ್‌ನಲ್ಲಿ. ಕೊಡಗು, ಚಿಕ್ಕಮಗಳೂರಿನ ಧಾರಣೆ 50 ಕೆ.ಜಿ. ಚೀಲಕ್ಕೆ. ಲಂಡನ್‌ನಲ್ಲಿ ಟನ್ನಿಗೆ 4,000 ಡಾಲರ್ ಎಂದರೆ 50 ಕೆ.ಜಿ.ಗೆ 200 ಡಾಲರ್, ₹85ರ ದರದಲ್ಲಿ ₹17,000. ಆದರೆ ಇದು ಹದ ಮಾಡಿದ ಬೀಜದ ಬೆಲೆ. ಬೆಳೆಗಾರ ಮಾರುವ ರೊಬಸ್ಟಾ ಚೆರಿಯ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಚೀಲದಲ್ಲಿ ಅಷ್ಟು ಬೀಜ ಇರುವುದಿಲ್ಲ. ಔಟ್‌ಟರ್ನ್ 28 ಎಂದರೆ 50 ಕೆ.ಜಿ.ಯಲ್ಲಿ 28 ಕೆ.ಜಿ. ಬೀಜ. ಹಾಗಾದರೆ ₹9,520, ಅದರಲ್ಲಿ ಕ್ಯೂರಿಂಗ್, ಸಾಗಣೆ, ವ್ಯಾಪಾರಿಯ ಪಾಲು ಕಳೆಯಬೇಕು. ಈ ಲೆಕ್ಕ ಗೊತ್ತಿದ್ದರೆ ‘ಲಂಡನ್‌ನಲ್ಲಿ ಏರಿದರೂ ಇಲ್ಲಿ ಯಾಕೆ ಏರಲಿಲ್ಲ’ ಎಂದು ವ್ಯಾಪಾರಿಯನ್ನು ಗಟ್ಟಿಯಾಗಿ ಕೇಳಬಹುದು.

ಚಿನಿವಾರ ಪೇಟೆಯ ಸುದ್ದಿಯಲ್ಲಿ ಪ್ರತಿ ಸಲ ಮೂರು ವಿಷಯ ಇರಬೇಕು: 24 ಕ್ಯಾರೆಟ್ಟೋ 22 ಕ್ಯಾರೆಟ್ಟೋ, ಯಾವ ಊರಿನ ದರ, ಶೇ 3ರ ಜಿಎಸ್‌ಟಿ ಸೇರಿದೆಯೋ ಇಲ್ಲವೋ. ದೆಹಲಿಯ ತೆರಿಗೆ ಸೇರಿದ ದರವನ್ನು ಬೆಂಗಳೂರಿನ ಅಂಗಡಿ ದರದ ಪಕ್ಕ ಹಾಕಿದರೆ ಒಂದೇ ಪುಟದಲ್ಲಿ ಎರಡು ಬೆಲೆ.

ಪಟ್ಟಿಯಾಗದ ಕಂಪನಿ, ಹೂಡಿಕೆ ಘೋಷಣೆ

ಬೆಂಗಳೂರಿನ ನವೋದ್ಯಮಗಳಲ್ಲಿ ಹೆಚ್ಚಿನವು ಷೇರುಪೇಟೆಯಲ್ಲಿ ಇಲ್ಲ. ಅವುಗಳ ಲೆಕ್ಕ ಸಿಗುವುದು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ, ಒಂದೊಂದು ಕಂಪನಿಗೆ ₹100ರಂತೆ ಅಲ್ಲಿ ಶುಲ್ಕ ಕಟ್ಟಿದರೆ ಅದರ ಸಾರ್ವಜನಿಕ ದಾಖಲೆ ನೋಡಬಹುದು. ವಾರ್ಷಿಕ ಸಭೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆ, ಅದಾದ 30 ದಿನಗಳಲ್ಲಿ ಎಒಸಿ–4 ನಮೂನೆಯಲ್ಲಿ ಲೆಕ್ಕ ಸಲ್ಲಿಕೆ, 60 ದಿನಗಳಲ್ಲಿ ಎಂಜಿಟಿ–7ರಲ್ಲಿ ಷೇರುದಾರರ ವಿವರ. ಹಾಗಾಗಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಈ ಪೋರ್ಟಲ್ ತೆರೆದಿಟ್ಟುಕೊಂಡಿರಿ. ಐಪಿಒ (ಕಂಪನಿಯ ಷೇರು ಮೊದಲ ಸಲ ಸಾರ್ವಜನಿಕರಿಗೆ ಮಾರಾಟ) ಬಂದರೆ ಹೊಸ ಷೇರು ಎಷ್ಟು, ಈಗಿನ ಷೇರುದಾರರು ಮಾರುವುದು ಎಷ್ಟು ಎಂದು ಬೇರ್ಪಡಿಸಿ ಬರೆಯಿರಿ. ಎರಡನೆಯ ಹಣ ಕಂಪನಿಗೆ ಹೋಗುವುದಿಲ್ಲ, ಮಾರಿದವರ ಜೇಬಿಗೆ ಹೋಗುತ್ತದೆ.

2025ರ ಫೆಬ್ರುವರಿಯ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದಲ್ಲಿ ₹10.27 ಲಕ್ಷ ಕೋಟಿ ಹೂಡಿಕೆಯ ಬದ್ಧತೆ ಘೋಷಣೆಯಾಯಿತು. ಒಡಂಬಡಿಕೆ, ಸರ್ಕಾರದ ಅನುಮೋದನೆ, ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಭೂಮಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ವಿದ್ಯುತ್ ಸಂಪರ್ಕ, ಉತ್ಪಾದನೆ ಇವೆಲ್ಲ ಬೇರೆ ಬೇರೆ ಮೆಟ್ಟಿಲು. ನಿಮ್ಮ ಜಿಲ್ಲೆಗೆ ಘೋಷಣೆಯಾದ ಕಂಪನಿಗಳ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿರಲಿ, ಪ್ರತಿ ಆರು ತಿಂಗಳಿಗೆ ಯಾವುದು ಯಾವ ಮೆಟ್ಟಿಲಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ₹10 ಶುಲ್ಕ, 30 ದಿನದ ಗಡುವು. ಇಂಥ ಒಂದು ಹಾಳೆ ಎರಡು ವರ್ಷ ಕಾಪಿಟ್ಟವರಿಗೆ ಮುಖಪುಟದ ಸುದ್ದಿಗೆ ಬರವಿಲ್ಲ.

ಠೇವಣಿದಾರರ ಸುದ್ದಿ

ಜಿಲ್ಲಾ ವರದಿಗಾರರಿಗೆ ಇದು ಬಹಳ ಮುಖ್ಯ. ಆರ್‌ಬಿಐ ಪರವಾನಗಿ ಇರುವ ಸಹಕಾರ ಬ್ಯಾಂಕಿನ ಠೇವಣಿಗೆ ವಿಮೆ ಇದೆ. 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ₹5 ಲಕ್ಷದವರೆಗೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಹೆಸರಿನಲ್ಲಿ ‘ಸಹಕಾರಿ’, ‘ಸೌಹಾರ್ದ’ ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕ್ ಅಲ್ಲ. ಸುದ್ದಿಯಲ್ಲಿ ‘ಸಹಕಾರ ಬ್ಯಾಂಕ್’ ಎಂದು ಬರೆಯುವ ಮೊದಲು ಪರವಾನಗಿ ನೋಡಿ. ಆರ್‌ಬಿಐ ನಿರ್ಬಂಧ ಹೇರಿದರೆ ಪರವಾನಗಿ ರದ್ದಾಯಿತು ಎಂದಲ್ಲ, ಅದೂ ಬೇರೆ. ಈ ವ್ಯತ್ಯಾಸ ತಪ್ಪಾಗಿ ಬರೆದರೆ ಮರುದಿನ ಬೆಳಗ್ಗೆ ಆ ಬ್ಯಾಂಕಿನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ.

ವಿಪರೀತ ಲಾಭದ ಭರವಸೆ ಕೊಡುವ ಯೋಜನೆಯ ಜಾಹೀರಾತು, ಸನ್ಮಾನದ ಸುದ್ದಿ ಬಂದಾಗ ಮೂರು ಕಡೆ ಹುಡುಕಿ: ಆರ್‌ಬಿಐ, ಸೆಬಿ, ಕಂಪನಿಗಳ ರಿಜಿಸ್ಟ್ರಾರ್. ಎಲ್ಲಿಯೂ ಠೇವಣಿ ಪಡೆಯುವ ಅನುಮತಿ ಕಾಣದಿದ್ದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಲಿಖಿತ ಪ್ರಶ್ನೆ ಕಳಿಸಿ. ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ 2019ರಲ್ಲಿ ಮುಳುಗಿದಾಗ ಬೀದಿಗೆ ಬಂದವರಲ್ಲಿ ಸಾಮಾನ್ಯ ಕುಟುಂಬಗಳವರೇ ತುಂಬಿದ್ದರು.

ಮೂಲಗಳು ಮತ್ತು ನಿಮ್ಮ ಸ್ವಂತ ಹಣ

ಕಂಪನಿಯ ಮುಖ್ಯಸ್ಥರಿಗಿಂತ ಲೆಕ್ಕ ಪರಿಶೋಧಕರು, ಕಂಪನಿ ಕಾರ್ಯದರ್ಶಿಗಳು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಮಂಡಿ ಗುಮಾಸ್ತರು, ಲಾರಿ ಬುಕಿಂಗ್ ಕಚೇರಿಯವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. 1992ರ ಏಪ್ರಿಲ್ 23ರಂದು ಸುಚೇತಾ ದಲಾಲ್ ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದ, ಹರ್ಷದ್ ಮೆಹ್ತಾ ಹಗರಣವನ್ನು ಹೊರಗೆಳೆದ ವರದಿಯ ಬುಡವೂ ಷೇರಿನ ಏರಿಳಿತದಲ್ಲಿ ಇರಲಿಲ್ಲ, ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ತಾಳೆಯಾಗದ ಹಣದಲ್ಲಿತ್ತು.

ನೀವು ಬರೆಯುವ ಕಂಪನಿಯ ಷೇರು ಕೊಳ್ಳಬೇಡಿ, ಮೊದಲೇ ಇದ್ದರೆ ಸಂಪಾದಕರಿಗೆ ಬರಹದಲ್ಲಿ ತಿಳಿಸಿ, ಆ ಸುದ್ದಿಯನ್ನು ಬೇರೆಯವರು ಬರೆಯಲಿ. ಪ್ರಕಟವಾಗುವ ಮೊದಲು ಸುದ್ದಿಯನ್ನು ಸ್ನೇಹಿತರಿಗೆ ಹೇಳುವುದೂ ಅಪರಾಧದ ಅಂಚಿಗೆ ಹೋಗುತ್ತದೆ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಅಂಕಣಕಾರ ಫಾಸ್ಟರ್ ವೈನನ್ಸ್, ತನ್ನ ಅಂಕಣದಲ್ಲಿ ಏನು ಬರಲಿದೆ ಎಂದು ದಲ್ಲಾಳಿಗೆ ಮೊದಲೇ ಹೇಳಿದ್ದಕ್ಕೆ 1985ರಲ್ಲಿ ಶಿಕ್ಷೆಗೊಳಗಾದ. ನಮ್ಮಲ್ಲಿ ಸೆಬಿಯ 2015ರ ಒಳವ್ಯಾಪಾರ (ಬಹಿರಂಗವಾಗದ ಮಾಹಿತಿ ಹಿಡಿದು ಷೇರು ಕೊಳ್ಳುವುದು, ಮಾರುವುದು) ತಡೆ ನಿಯಮ ಇದೆ. ಕಂಪನಿಯ ವಿಮಾನ, ಹೋಟೆಲಿನಲ್ಲಿ ಹೋಗಿ ಬಂದ ವರದಿಯಾದರೆ ಅದನ್ನು ವರದಿಯ ಕೊನೆಯಲ್ಲಿ ಹೇಳಿ. ಭಾರತೀಯ ಪತ್ರಿಕಾ ಮಂಡಳಿಯ ನೀತಿಸಂಹಿತೆಯೂ ಅದನ್ನೇ ಕೇಳುತ್ತದೆ.

ಕಳಿಸುವ ಮೊದಲು, ಕಳಿಸಿದ ಮೇಲೆ

ಆರೋಪ ಇರುವ ಸುದ್ದಿಗೆ ಕಂಪನಿಯ ಅಧಿಕೃತ ಇಮೇಲ್‌ಗೆ ಪ್ರಶ್ನೆ ಕಳಿಸಿ, ಉತ್ತರಕ್ಕೆ ಗಂಟೆ ನಮೂದಿಸಿ, ಉತ್ತರ ಬಾರದಿದ್ದರೆ ಯಾವಾಗ ಕೇಳಿದ್ದಿರೆಂದು ಬರೆಯಿರಿ. ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂಬ ಮಾತಿನ ಹಿಂದೆ ಒಂದೇ ಒಂದು ಫೋನ್ ಕರೆ ಇದ್ದರೆ ಮಾನಹಾನಿ ಮೊಕದ್ದಮೆಯಲ್ಲಿ ಅದು ನಿಲ್ಲುವುದಿಲ್ಲ.

ಕಾಪಿ ಮುಗಿದ ಮೇಲೆ ಅಂಕಿಗಳನ್ನು ಮಾತ್ರ ಒಂದು ಸಲ ಕೆಳಗಿನಿಂದ ಮೇಲಕ್ಕೆ ಓದಿ. ವಾಕ್ಯದ ಓಟ ಇಲ್ಲದಾಗ ಕಣ್ಣು ಅಂಕಿಯ ಮೇಲೆ ನಿಲ್ಲುತ್ತದೆ. ಪ್ರತಿ ಅಂಕಿಯನ್ನೂ ಪಿಡಿಎಫ್‌ಗೆ ತಾಳೆ ನೋಡಿ, ಶೇಕಡಾವಾರನ್ನು ಮತ್ತೊಮ್ಮೆ ಹಾಕಿ, ತಲೆಬರಹದ ಅಂಕಿಯೂ ಮೊದಲ ಪ್ಯಾರಾದ ಅಂಕಿಯೂ ಒಂದೇ ಇದೆಯೇ ನೋಡಿ. ಡೆಸ್ಕಿನವರು ತಲೆಬರಹ ಹಾಕಿದ ಮೇಲೆ ಒಂದು ಸಲ ಫೋನು ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ.

ತಪ್ಪು ಅಚ್ಚಾಗಿ ಹೋದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕಿಸಿ. ಹಳೆಯ ಅಂಕಿ, ಸರಿಯಾದ ಅಂಕಿ ಎರಡನ್ನೂ ಕೊಡಿ. ವೆಬ್ ಆವೃತ್ತಿಯಲ್ಲಿ ಸದ್ದಿಲ್ಲದೆ ಅಂಕಿ ಬದಲಿಸಬೇಡಿ, ಯಾವ ದಿನ ತಿದ್ದಿದ್ದು ಎಂದು ಕೆಳಗೆ ಬರೆಯಿರಿ. ಲೆಕ್ಕ ಇಳಿಸಿಕೊಂಡ ಪಿಡಿಎಫ್‌ಗೆ ಕಂಪನಿಯ ಹೆಸರು, ದಿನಾಂಕ, ಗಂಟೆ ಹಾಕಿ ಫೋಲ್ಡರಿನಲ್ಲಿ ಉಳಿಸಿಡಿ. ಕಂಪನಿಗಳು ಕೆಲವೊಮ್ಮೆ ‘ಪರಿಷ್ಕೃತ’ ಎಂದು ಇನ್ನೊಂದು ಲೆಕ್ಕ ಸಲ್ಲಿಸುತ್ತವೆ. ಮೊದಲಿನದಕ್ಕೂ ಎರಡನೆಯದಕ್ಕೂ ಯಾವ ಸಾಲು ಬದಲಾಗಿದೆ ಎಂದು ಎರಡನ್ನೂ ಪಕ್ಕಪಕ್ಕ ತೆರೆದು ನೋಡಿದರೆ, ಮುಂದಿನ ಸುದ್ದಿ ಅಲ್ಲಿಯೇ ಸಿಗುವುದುಂಟು.